ರಾಕ್ಷಸನ ಊರು ಯಾವುದು?

ನಿಮ್ಮ ತರಗತಿಯ ಮಕ್ಕಳಿಗೆ ಒಂದು ರಾಕ್ಷಸನ ಚಿತ್ರ ಬಿಡಿಸಲು ಹೇಳಿ. ಆಮೇಲೆ ‘ಇವನ ಊರು ಯಾವುದು?’ ಎಂದು ಕೇಳಿ. ಕಾಡು, ಬೆಟ್ಟದಾಚೆ, ಸಮುದ್ರದಾಚೆ ಎಂಬ ಉತ್ತರಗಳು ಬಂದಾವು. ‘ನಮ್ಮ ಬೀದಿ’ ಎನ್ನುವವರು ಅಪರೂಪ. ಈ ಸಣ್ಣ ಸಂಗತಿಯ ಹಿಂದೆ ದೊಡ್ಡ ಇತಿಹಾಸವಿದೆ.

ಒಂದು ಕಾಲದಲ್ಲಿ ಆ ದೂರದ ಊರು ಭಾರತವೇ ಆಗಿತ್ತು! ಕ್ರಿ.ಪೂ. 5ನೇ ಶತಮಾನದ ಕೊನೆಯಲ್ಲಿ ಪರ್ಷಿಯದ ಆಸ್ಥಾನ ವೈದ್ಯನಾಗಿದ್ದ ಗ್ರೀಕ್ ಲೇಖಕ ಕ್ಟೀಸಿಯಸ್, ನಾಯಿಯ ತಲೆಯುಳ್ಳ ಜನರು ಭಾರತದಲ್ಲಿದ್ದಾರೆಂದು ಬರೆದ. ಸುಮಾರು ಕ್ರಿ.ಪೂ. 300ರಲ್ಲಿ ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ರಾಯಭಾರಿಯಾಗಿ ಬಂದ ಮೆಗಾಸ್ತನೀಸ್, ಬಾಯಿಯಿಲ್ಲದೆ ಹೂಹಣ್ಣುಗಳ ಪರಿಮಳದಿಂದಲೇ ಬದುಕುವವರನ್ನೂ ತಮ್ಮ ಕಿವಿಗಳಲ್ಲೇ ಮಲಗುವವರನ್ನೂ ವರ್ಣಿಸಿದ. ರೋಮಿನ ಪ್ಲಿನಿ ಇಂಥವನ್ನು ತನ್ನ ಬೃಹತ್ ಗ್ರಂಥದಲ್ಲಿ ಸೇರಿಸಿದ. 1493ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ ಪ್ರಪಂಚ ಚರಿತ್ರೆಯಲ್ಲೂ ಇಂಥ ವಿಚಿತ್ರ ಮಾನವರ ಚಿತ್ರಗಳಿವೆ.

ಹಾಗಾದರೆ ಮೆಗಾಸ್ತನೀಸ್ ಸುಳ್ಳು ಹೆಣೆದನೇ? ಪೂರ್ತಿ ಹಾಗೆನ್ನಲಾಗದು. ಮಹಾಭಾರತದಲ್ಲಿ ಸಹದೇವನ ದಿಗ್ವಿಜಯದ ಸಂದರ್ಭದಲ್ಲಿ ‘ಕರ್ಣಪ್ರಾವರಣ’ರು, ಅಂದರೆ ಕಿವಿಯನ್ನೇ ಹೊದ್ದವರು, ಬರುತ್ತಾರೆ. 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯ ಜನಪದಗಳ ಪಟ್ಟಿಯಲ್ಲಿ ಕುದುರೆಮುಖದವರೂ ಹುಲಿಮುಖದವರೂ ಇದ್ದಾರೆ. ಆ ರಾಯಭಾರಿ ಕೇಳಿದ್ದು ಬಹುಶಃ ನಮ್ಮವರದೇ ಕಥೆಗಳನ್ನು. ಗ್ರೀಕರ ವಿಚಿತ್ರರು ಭಾರತದಲ್ಲಿದ್ದರೆ, ಭಾರತದವರ ವಿಚಿತ್ರರು ಕಾಡಿನಲ್ಲಿ, ಗಡಿಯಲ್ಲಿ, ಕಡಲ ದ್ವೀಪಗಳಲ್ಲಿದ್ದರು. ‘ನಾವು’ ಎಂಬ ಗೆರೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ರಾಕ್ಷಸರ ನಾಡು ಆರಂಭ.

ವಿಜ್ಞಾನ ಈ ಗೆರೆಯನ್ನು ಅಳಿಸಿತೇ? ಜೀವಿಗಳ ವರ್ಗೀಕರಣಕ್ಕೆ ತಳಹದಿ ಹಾಕಿದ ಸ್ವೀಡನ್ನಿನ ಲಿನ್ನೇಯಸ್‌ನನ್ನೇ ನೋಡಿ. 1735ರಲ್ಲಿ ಹ್ಯಾಂಬರ್ಗ್‌ನಲ್ಲಿದ್ದ ಏಳು ತಲೆಯ ಸರ್ಪವನ್ನು ಪರೀಕ್ಷಿಸಿ, ಅದು ಮುಂಗುಸಿಯಂಥ ವೀಸೆಲ್ ಪ್ರಾಣಿಯ ದವಡೆಗಳಿಗೆ ಹಾವಿನ ಚರ್ಮ ಅಂಟಿಸಿದ ಮೋಸವೆಂದು ತೋರಿಸಿದವನು ಆತ. ಅದೇ ಲಿನ್ನೇಯಸ್ 1758ರಲ್ಲಿ ಮನುಷ್ಯರನ್ನು ವಿಂಗಡಿಸುವಾಗ ‘ಹೋಮೋ ಮಾನ್‌ಸ್ಟ್ರೋಸಸ್’, ಎಂದರೆ ವಿಕೃತ ಮಾನವ, ಎಂಬ ಗುಂಪು ಮಾಡಿ, ದಕ್ಷಿಣ ಆಫ್ರಿಕದ ಖೊಯಿಖೊಯಿ ಜನರನ್ನು ಅದರಲ್ಲಿಟ್ಟ. ಆಫ್ರಿಕಕ್ಕೆ ಆತ ಹೋದವನೇ ಅಲ್ಲ; ಪ್ರವಾಸಿಗಳ ಮಾತನ್ನು ನಂಬಿದ. ಸರ್ಪಕ್ಕೆ ದೊರೆತ ಪರೀಕ್ಷೆ ಮನುಷ್ಯರಿಗೆ ದೊರೆಯಲಿಲ್ಲ.

ಇಂಥ ನೋಟಕ್ಕೆ ಬೆಲೆ ತೆತ್ತವರು ನಿಜವಾದ ಮನುಷ್ಯರು. ಸಾರಾ ಬಾರ್ಟ್‌ಮನ್ ಎಂಬ ಖೊಯಿಖೊಯಿ ಮಹಿಳೆಯನ್ನು 1810ರಲ್ಲಿ ಲಂಡನ್ನಿಗೆ ಕರೆತಂದು, ಆಕೆಯ ದೇಹರಚನೆ ವಿಚಿತ್ರವೆಂದು ಹಣ ಪಡೆದು ಪ್ರದರ್ಶಿಸಲಾಯಿತು. 1815ರಲ್ಲಿ ಪ್ಯಾರಿಸ್‌ನಲ್ಲಿ ಆಕೆ ತೀರಿಕೊಂಡಾಗ, ಪ್ರಸಿದ್ಧ ಅಂಗರಚನಾ ವಿಜ್ಞಾನಿ ಕ್ಯೂವಿಯೇ ಶವವನ್ನು ಛೇದಿಸಿ ಅಧ್ಯಯನ ಮಾಡಿದ. ಆಕೆಯ ಅಸ್ಥಿಪಂಜರ 1970ರ ದಶಕದವರೆಗೂ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿತ್ತು. 2002ರಲ್ಲಷ್ಟೇ ಅವಶೇಷಗಳು ತಾಯ್ನಾಡಿಗೆ ಮರಳಿ ಮಣ್ಣು ಸೇರಿದವು.

ಯಾವುದೇ ಇಬ್ಬರು ಮನುಷ್ಯರ ಡಿಎನ್‌ಎ ಅನುಕ್ರಮ ಸುಮಾರು ಶೇ. 99.9ರಷ್ಟು ಒಂದೇ ಎಂಬುದು ಇಂದು ನಮಗೆ ಗೊತ್ತು. ಆದರೂ ವರ್ಗೀಕರಣದ ಪಾಠ ಮಾಡುವಾಗ ಈ ಕಥೆಯನ್ನೂ ಹೇಳಿ. ಪಟ್ಟಿ ಮಾಡುವವನು ತನ್ನನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಏನಾಗುತ್ತದೆಂದು ವಿದ್ಯಾರ್ಥಿಗಳು ತಿಳಿಯಲಿ. ರಾಕ್ಷಸನ ಚಿತ್ರ ಬಿಡಿಸಿದ ಮಕ್ಕಳಿಗೆ ಎರಡನೆಯ ಪ್ರಶ್ನೆಯನ್ನೂ ಕೇಳಿ ನೋಡಿ: ‘ಅವನ ಊರಿನವರು ನಿಮ್ಮ ಚಿತ್ರ ಬಿಡಿಸಿದರೆ ಅದು ಹೇಗಿದ್ದೀತು?’