ಕತಾರ್ ಓಲೆ 17: ಧ್ರುವ ನಕ್ಷತ್ರ ನೋಡಿ ಹಡಗು ನಡೆಸಿದವರು

ಈ ಸಲ ಆಸ್ಪತ್ರೆಯ ಸುದ್ದಿ ಇಲ್ಲ, ಸಮುದ್ರದ ಸುದ್ದಿ.

ನಾನಿರುವ ಉಮ್ಮ್ ಸಲಾಲ್‌ನಲ್ಲಿ ಬರ್ಜಾನ್ ಎಂಬ ಹಳೆಯ ಕಾವಲು ಗೋಪುರಗಳಿವೆ. 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಮುತ್ತು ತೆಗೆಯುವ ದೋಣಿಗಳ ಮೇಲೆ ಕಣ್ಣಿಡಲು, ಚಂದ್ರನನ್ನು ನೋಡಿ ತಿಂಗಳ ಲೆಕ್ಕ ಹಿಡಿಯಲು ಬಳಸುತ್ತಿದ್ದರಂತೆ. ಆಕಾಶ ಓದುವುದು ಇಲ್ಲಿಯವರಿಗೆ ಹೊಟ್ಟೆಪಾಡಿನ ವಿದ್ಯೆಯಾಗಿತ್ತು.

ಅರಬ್ ನಾವಿಕರ ಬಳಿ 'ಕಮಾಲ್' ಇರುತ್ತಿತ್ತು. ಸಣ್ಣ ಮರದ ಹಲಗೆ, ನಡುವೆ ಗಂಟು ಹಾಕಿದ ದಾರ, ಅಷ್ಟೇ. ಗಂಟನ್ನು ಹಲ್ಲಲ್ಲಿ ಕಚ್ಚಿ ದಾರ ಬಿಗಿ ಹಿಡಿಯಬೇಕು. ಹಲಗೆಯ ಕೆಳ ಅಂಚು ಬಾನಂಚಿಗೆ, ಮೇಲಿನ ಅಂಚು ಧ್ರುವ ನಕ್ಷತ್ರಕ್ಕೆ ಸರಿಹೊಂದಬೇಕು. ಒಂದೊಂದು ಬಂದರಿಗೆ ಒಂದೊಂದು ಗಂಟು. ಉತ್ತರಕ್ಕೆ ಹೋದಷ್ಟೂ ಧ್ರುವ ಮೇಲೇರುತ್ತದೆ: ನಮ್ಮ ಕಾರವಾರದಲ್ಲಿ ಸುಮಾರು 15 ಡಿಗ್ರಿ, ಇಲ್ಲಿ 25. ಉತ್ತರಕ್ಕೆ ಮುಖ ಮಾಡಿ, ಕೈ ಚಾಚಿ ಮುಷ್ಟಿ ಹಿಡಿದು ಅಳೆಯಿರಿ. ನಿಮಗೆ ಒಂದೂವರೆ ಮುಷ್ಟಿ, ನನಗೆ ಎರಡೂವರೆ!

ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪದವರು ಈ ಹಲಗೆಯೂ ಇಲ್ಲದೆ ಹೋಗುತ್ತಿದ್ದರು. ನಕ್ಷತ್ರ ಹುಟ್ಟುವ ಜಾಗ, ಅಲೆ ಬರುವ ದಿಕ್ಕು, ಸಂಜೆ ನೆಲಕ್ಕೆ ಮರಳುವ ಹಕ್ಕಿ, ಇಷ್ಟೇ ಆಧಾರ. ಆದರೆ ಹವಾಯಿಯಲ್ಲಿ ಈ ವಿದ್ಯೆ ಬಲ್ಲವರೇ ಉಳಿಯಲಿಲ್ಲ. 1976ರಲ್ಲಿ 'ಹೊಕುಲೆಅ' ಎಂಬ ಜೋಡಿದೋಣಿ ಹವಾಯಿಯಿಂದ ತಾಹಿತಿಗೆ ಹೊರಟಾಗ, ಮೈಕ್ರೊನೇಷ್ಯಾದ ಸತವಾಲ್ ದ್ವೀಪದಿಂದ ಮೌ ಪಿಯೈಲುಗ್ ಅವರನ್ನು ಕರೆಸಬೇಕಾಯಿತು. ದಿಕ್ಸೂಚಿ ಇಲ್ಲದೆ ಸುಮಾರು 4,000 ಕಿ.ಮೀ. ದಾಟಿಸಿದರು. ಆಮೇಲೆ ತಮ್ಮವರ ವಿದ್ಯೆಯನ್ನು ಹೊರಗಿನವರಿಗೂ ಕಲಿಸಿದರು. ಶಿಷ್ಯ ನೈನೋವಾ ಥಾಂಪ್ಸನ್ 1980ರಲ್ಲಿ ಅದೇ ದಾರಿಯಲ್ಲಿ ತಾವೇ ದೋಣಿ ನಡೆಸಿದರು. ಮೌ ಕಲಿಸದೆ ಹೋಗಿದ್ದರೆ?

ನಮ್ಮಲ್ಲೂ ಇಂಥದ್ದೇ ನಡೆದಿದೆ. ಅಜಂತಾ ಚಿತ್ರದಲ್ಲಿರುವ ಹಡಗು ನೋಡಿ, ಕೇರಳದ ಕುಶಲಕರ್ಮಿ ಬಾಬು ಶಂಕರನ್ ಮತ್ತವರ ಸಂಗಡಿಗರು ಗೋವಾದಲ್ಲಿ ಒಂದು ಹಾಯಿಹಡಗು ಕಟ್ಟಿದರು. ಹಲಗೆಗಳನ್ನು ಮೊಳೆಯಿಂದ ಜಡಿದದ್ದಲ್ಲ, ಕತ್ತದ ಹಗ್ಗದಿಂದ ಹೊಲಿದದ್ದು. ಹಾಯಿಯ ಮೇಲೆ ಗಂಡಭೇರುಂಡ! ಅದು ನೌಕಾಪಡೆಗೆ 'ಕೌಂಡಿನ್ಯ' ಎಂಬ ಹೆಸರಲ್ಲಿ ಸೇರಿದ್ದು ನಮ್ಮ ಕಾರವಾರದಲ್ಲೇ, 2025ರ ಮೇ 21ರಂದು. ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, ಇಂಜಿನ್ ಇಲ್ಲದೆ ಗಾಳಿಯ ಬಲದಲ್ಲೇ 2026ರ ಜನವರಿ 14ರಂದು ಮಸ್ಕತ್ ಮುಟ್ಟಿತು. ನಾವು ವಿಮಾನದಲ್ಲಿ ಕೆಲವೇ ತಾಸಿನಲ್ಲಿ ಬರುವ ಈ ಅರಬ್ ನೆಲಕ್ಕೆ ಹಿಂದಿನವರ ದಾರಿ ಅದು.

ಚಿತ್ರ ನೋಡಿ ಹಡಗನ್ನು ಮತ್ತೆ ಕಟ್ಟಬಹುದು. ಗಾಳಿ, ನೀರು, ನಕ್ಷತ್ರದ ಲೆಕ್ಕ ಮಾತ್ರ ಚಿತ್ರದಲ್ಲಿ ಸಿಗುವುದಿಲ್ಲ, ಮನುಷ್ಯರ ತಲೆಯಲ್ಲೇ ಇರುತ್ತದೆ. ಅದಕ್ಕೇ ಒಂದು ಕೇಳಿಕೆ: ನಿಮ್ಮ ಕೇರಿಯಲ್ಲಿ ಹಾಯಿ ಕಟ್ಟಿ ಮಚವೆ ನಡೆಸಿದ ತಾಂಡೇಲ ಅಜ್ಜಂದಿರು ಇನ್ನೂ ಇದ್ದರೆ, ಹತ್ತು ನಿಮಿಷ ಕೂತು ಮಾತಾಡಿಸಿ, ಮೊಬೈಲಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಯಾವ ನಕ್ಷತ್ರಕ್ಕೆ ಅವರು ಏನೆನ್ನುತ್ತಿದ್ದರು, ಮಳೆಗಾಲ ಮುಗಿದದ್ದನ್ನು ಹೇಗೆ ತಿಳಿಯುತ್ತಿದ್ದರು, ಎಲ್ಲ ಕೇಳಿ. ಬರೆದಿಡುವ ಕೆಲಸ ನನ್ನದು.