ಗುಜರಿಯ ರೇಡಿಯೇಟರ್, ಮೀನಿನ ತೊಟ್ಟಿಯ ಪಂಪು

ಹೋದ ಜನವರಿಯ ವಾರ್ಷಿಕ ರಜೆಗೆ ನಾವು ಊರಿಗೆ ಹೋಗಲಿಲ್ಲ. ಮೆಲ್ಬರ್ನ್‌ನ ಆಗ್ನೇಯ ಅಂಚಿನ ಕ್ರಾನ್‌ಬರ್ನ್‌ನಲ್ಲಿರುವ ಅಣ್ಣನ ಮನೆಗೆ ಹೋದೆವು. ಅಲ್ಲಿ ಜನವರಿ ಎಂದರೆ ನಡುಬೇಸಿಗೆ. ಮೆಲ್ಬರ್ನ್‌ನಲ್ಲಿ 2009ರ ಫೆಬ್ರವರಿ 7ರಂದು 46.4 ಡಿಗ್ರಿ ದಾಖಲಾಗಿತ್ತು. ಗಲ್ಫ್‌ನಲ್ಲಿ ಬೆಂದವರಿಗೂ ಅದು ಸಣ್ಣ ಸೆಕೆಯಲ್ಲ.

ಅಣ್ಣನ ಮಗ ಅನಿಮೇಷನ್ ಕಲಿಯುತ್ತಿದ್ದಾನೆ. ವಾರಾಂತ್ಯದಲ್ಲಿ ದುಡಿದ ದುಡ್ಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಕೊಂಡಿದ್ದ. ಅದು ಸುಟ್ಟರೆ ಇನ್ನೊಂದಕ್ಕೆ ದುಡ್ಡಿಲ್ಲ, ಕಾಲೇಜಿಗೆ ಒಪ್ಪಿಸಬೇಕಾದ ಕೆಲಸವೂ ನಿಲ್ಲುತ್ತದೆ. ಕಾರ್ಡ್ ಕಾಯುತ್ತದೆಂದು ಎಲ್ಲೆಲ್ಲಿಂದಲೋ ಭಾಗಗಳನ್ನು ತಂದು ತಾನೇ ನೀರಿನ ವ್ಯವಸ್ಥೆ ಜೋಡಿಸಿದ್ದ. ಎರಡು ತಿಂಗಳು ಚೆನ್ನಾಗಿಯೇ ನಡೆದು, ಆಮೇಲೆ ಕಂಪ್ಯೂಟರ್ ಕೆಲಸದ ಮಧ್ಯೆ ತಾನಾಗಿಯೇ ಆರಿಹೋಗತೊಡಗಿತು. "ಚಿಕ್ಕಪ್ಪ, ನೀವು ಔಷಧದವರಲ್ಲವಾ, ಈ ನೀರಿಗೆ ಏನಾಗಿದೆ ನೋಡಿ" ಎಂದು ಪ್ಲಾಸ್ಟಿಕ್ ಕೊಳವೆಯನ್ನು ಮುಂದೆ ಹಿಡಿದ. ಒಳಗೆ ಬಿಳಿಯ ಲೋಳೆ.

ಆ ಲೋಳೆಯ ಕಥೆಗೆ ಆಮೇಲೆ ಬರುತ್ತೇವೆ. ಮೊದಲು ಈ ನೀರು ಕಂಪ್ಯೂಟರಿನೊಳಗೆ ಬಂದದ್ದು ಹೇಗೆ ಎಂಬುದನ್ನು ಹೇಳಬೇಕು, ಏಕೆಂದರೆ ಇದು ಶ್ರೀಮಂತರ ಶೋಕಿ ಎಂದೇ ನಾವೂ ಅಲ್ಲಿಯವರೆಗೆ ತಿಳಿದಿದ್ದೆವು.

ಫಾರ್ಮಸಿ ಡಿಪ್ಲೊಮಾ ಓದಿದವರಿಗೆ ಲೀಬಿಗ್ ಕಂಡೆನ್ಸರ್ ನೆನಪಿರುತ್ತದೆ. ಒಳಗಿನ ಗಾಜಿನ ನಳಿಕೆಯಲ್ಲಿ ಬಿಸಿ ಆವಿ, ಹೊರಗಿನ ಕವಚದಲ್ಲಿ ಕೆಳಗಿನಿಂದ ಮೇಲಕ್ಕೆ ಹರಿಯುವ ತಣ್ಣೀರು. ತತ್ವ ಇಷ್ಟೇ: ಒಂದು ಲೋಟ ನೀರು, ಅಷ್ಟೇ ಅಳತೆಯ ಗಾಳಿಗಿಂತ ಸುಮಾರು 3,500 ಪಟ್ಟು ಹೆಚ್ಚು ಶಾಖವನ್ನು ಹೊರಬಲ್ಲದು. ನೀರು ತಂಪನ್ನು ಹುಟ್ಟಿಸುವುದಿಲ್ಲ, ಶಾಖವನ್ನು ಹೊತ್ತು ಬೇರೆಡೆ ಇಳಿಸುತ್ತದೆ. ನಮ್ಮ ಮಣ್ಣಿನ ಹೂಜಿಯದು ಬೇರೆ ವಿದ್ಯೆ. ಅದರ ನೀರು ಹೊರಮೈಯಲ್ಲಿ ಒಸರಿ ಆವಿಯಾಗುವುದರಿಂದ ಕೋಣೆಗಿಂತ ತಣ್ಣಗಾಗುತ್ತದೆ. ಕಂಪ್ಯೂಟರಿನ ಮುಚ್ಚಿದ ಕೊಳವೆಯ ನೀರು ಕೋಣೆಯ ಬಿಸಿಗಿಂತ ಕೆಳಗೆ ಎಂದೂ ಇಳಿಯದು.

ಮೊದಲ ಕಂಪ್ಯೂಟರುಗಳಿಗೆ ಗಾಳಿಯೇ ಸಾಕಾಗಿತ್ತು. ಆಸ್ಟ್ರೇಲಿಯಾದ ಮೊದಲ ಕಂಪ್ಯೂಟರ್ 'ಸಿಸಿರಾಕ್' 1949ರಲ್ಲಿ ಸಿಡ್ನಿಯಲ್ಲಿ ಚಾಲೂ ಆಯಿತು. ಟ್ರೆವರ್ ಪಿಯರ್ಸಿ ಮತ್ತು ಮಾಸ್ಟನ್ ಬಿಯರ್ಡ್ ಕಟ್ಟಿದ ಆ ಯಂತ್ರಕ್ಕೆ ಸುಮಾರು 2,000 ವಾಲ್ವುಗಳು, 30 ಕಿಲೋವ್ಯಾಟ್ ವಿದ್ಯುತ್ತು. ಆ ವಿದ್ಯುತ್ತೆಲ್ಲ ಕೊನೆಗೆ ಶಾಖವೇ. 1955ರಲ್ಲಿ ಅದನ್ನು ಮೆಲ್ಬರ್ನ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು, 1964ರವರೆಗೆ ಅಲ್ಲಿ ದುಡಿಯಿತು. ಈಗ ಮೆಲ್ಬರ್ನ್‌ನ ಸೈನ್ಸ್‌ವರ್ಕ್ಸ್ ಮ್ಯೂಸಿಯಂನಲ್ಲಿದೆ. ಹುಡುಗನ ಜೊತೆ ಹೋಗಿ ನೋಡಿದೆವು. ಗೋದ್ರೆಜ್ ಬೀರುಗಳ ಸಾಲಿನಂತಿದೆ.

1960ರ ದಶಕದಲ್ಲಿ ಐಬಿಎಂ ತನ್ನ ಸಿಸ್ಟಮ್ 360ರ ಮಾಡೆಲ್ 91ಕ್ಕೆ ನೀರನ್ನು ಬಳಸಿತು. 1985ರ ಕ್ರೇ-2 ಸೂಪರ್ ಕಂಪ್ಯೂಟರಿನಲ್ಲಂತೂ ಸರ್ಕ್ಯೂಟುಗಳನ್ನೇ ವಿದ್ಯುತ್ ಹರಿಯದ ದ್ರವದಲ್ಲಿ ಮುಳುಗಿಸಿದರು. ಇವೆಲ್ಲ ಸರ್ಕಾರ ಮತ್ತು ದೊಡ್ಡ ಕಂಪನಿಗಳ ಆಟ. 1990ರ ದಶಕದಲ್ಲಿ ಕಡಿಮೆ ವಿದ್ಯುತ್ ಕುಡಿಯುವ ಚಿಪ್‌ಗಳು ಬಂದ ಮೇಲೆ ದೊಡ್ಡ ಯಂತ್ರಗಳೂ ಬಹುಪಾಲು ಗಾಳಿಗೇ ಮರಳಿದವು.

ಸ್ವಾರಸ್ಯ ಇಲ್ಲಿಂದ ಶುರು. ದೊಡ್ಡವರು ನೀರನ್ನು ಬಿಟ್ಟ ಕಾಲಕ್ಕೆ ಸರಿಯಾಗಿ ಜೇಬು ಖಾಲಿಯಿದ್ದ ಹುಡುಗರು ಅದನ್ನು ಎತ್ತಿಕೊಂಡರು. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ ಬಂತು. 300 ಮೆಗಾಹರ್ಟ್ಸ್‌ನ ಆ ಚಿಪ್ಪನ್ನು ಹಲವರು 450ರಲ್ಲಿ ಓಡಿಸಿದರು. ದುಬಾರಿ ಚಿಪ್ಪಿನ ಕೆಲಸ ಅಗ್ಗದ್ದರಲ್ಲಿ! ವೇಗದ ಜೊತೆ ಬಿಸಿಯೂ ಏರುತ್ತದೆ. ಇನ್ನೂ ಮೇಲೆ ಓಡಿಸುವ ಆಸೆಯಿದ್ದವರಿಗೆ ಬೇಕಾದದ್ದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಸಿಕ್ಕರೂ ಕೈಗೆಟುಕುತ್ತಿರಲಿಲ್ಲ. ಗುಜರಿಯಿಂದ ಹಳೆಯ ಕಾರಿನ ಹೀಟರಿನ ಪುಟ್ಟ ರೇಡಿಯೇಟರ್ ತಂದರು. ಅಲಂಕಾರದ ಮೀನು ಮಾರುವ ಅಂಗಡಿಯಿಂದ ತೊಟ್ಟಿಯ ಪಂಪು ಬಂತು. ತಾಮ್ರದ ತುಂಡನ್ನು ಕೊರೆದು ಚಿಪ್ಪಿನ ಮೇಲೆ ಕೂರಿಸುವ ಬ್ಲಾಕನ್ನು ತಾವೇ ಮಾಡಿಕೊಂಡರು. ಇಂದು ಬಣ್ಣದ ದೀಪ ಹಾಕಿ ಸಾವಿರ ಡಾಲರಿಗೆ ಮಾರುವ ವ್ಯವಸ್ಥೆ ಹೀಗೆ ಗ್ಯಾರೇಜಿನಲ್ಲಿ ಬೆಳೆದದ್ದು.

ಗ್ರಾಫಿಕ್ಸ್ ಕಾರ್ಡ್ ಈ ಸಾಲಿಗೆ ತಡವಾಗಿ ಸೇರಿತು. 1996ರ ವೂಡೂ ಕಾರ್ಡಿಗೆ ಫ್ಯಾನೇ ಇರಲಿಲ್ಲ. 2010ರ ಜಿಟಿಎಕ್ಸ್ 480 ಕಾರ್ಡಿನ ಲೆಕ್ಕ 250 ವ್ಯಾಟ್, 2022ರ ಆರ್‌ಟಿಎಕ್ಸ್ 4090ರದ್ದು 450, 2025ರ 5090ರದ್ದು 575. ನಮ್ಮ ರೂಮಿನ ಇಸ್ತ್ರಿ ಪೆಟ್ಟಿಗೆಯ ಅರ್ಧದಷ್ಟು ಶಾಖ, ಅದೂ ಅಂಗೈಗಿಂತ ಚಿಕ್ಕ ಚಿಪ್ಪಿನಿಂದ. ಎಎಂಡಿ ಕಂಪನಿ 2014ರಲ್ಲಿ ಆರ್9 295ಎಕ್ಸ್2, ಮರುವರ್ಷ ಫ್ಯೂರಿ ಎಕ್ಸ್ ಕಾರ್ಡುಗಳನ್ನು ಕಾರ್ಖಾನೆಯಿಂದಲೇ ನೀರಿನ ಕೊಳವೆ ಜೋಡಿಸಿ ಕಳಿಸಿತು. ಅಷ್ಟರಲ್ಲಿ ದೊಡ್ಡ ಯಂತ್ರಗಳೂ ನೀರಿಗೆ ಮರಳಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2015ರಲ್ಲಿ ಬಂದ 'ಸಹಸ್ರಟಿ' ಒಂದು ಕ್ರೇ ಎಕ್ಸ್‌ಸಿ40. ಅದರ ಬೀರುಗಳ ನಡುವೆ ಹಾಯುತ್ತಿದ್ದ ಗಾಳಿಯ ಶಾಖವನ್ನು ಹೀರುತ್ತಿದ್ದುದು ನೀರಿನ ಸುರುಳಿಗಳೇ. ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ಪಾಸಿ ಕೇಂದ್ರದವರು ಅಂತರ್ಜಲವನ್ನು ಎತ್ತಿ, ಅದಕ್ಕೆ ಶಾಖ ಕೊಟ್ಟು, ಮತ್ತೆ ನೆಲದೊಳಕ್ಕೇ ಬಿಡುತ್ತಾರೆ.

ಈಗ ಬಿಳಿ ಲೋಳೆಗೆ ಬರೋಣ. ಹುಡುಗನ ಬ್ಲಾಕು ತಾಮ್ರದ್ದು, ಗುಜರಿಯ ರೇಡಿಯೇಟರ್ ಅಲ್ಯೂಮಿನಿಯಂನದು, ನೀರು ನಲ್ಲಿಯದು. ಲವಣವಿರುವ ನೀರಿನಲ್ಲಿ ಈ ಎರಡು ಲೋಹ ಜೊತೆಗೂಡಿದರೆ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಕರಗುತ್ತದೆ. ಹೊರಬರುವುದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಹೊಟ್ಟೆ ಉರಿಯೆಂದು ಬರುವವರಿಗೆ ನಾವು ಕೌಂಟರಿನಲ್ಲಿ ಕೊಡುವ ಆಂಟಾಸಿಡ್ ಜೆಲ್ಲಿನಲ್ಲಿರುವುದೂ ಅದೇ! ಅದು ಬ್ಲಾಕಿನ ಕೂದಲೆಳೆ ಸಂದುಗಳನ್ನೆಲ್ಲ ಮುಚ್ಚಿ ನೀರು ಹರಿಯದಂತೆ ಮಾಡಿತ್ತು. ಹುಡುಗನಿಗೆ ಹೇಳಿದಾಗ ಮೊದಲು ನಂಬಲಿಲ್ಲ. ನಲ್ಲಿ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಹಾಕಿದ್ದರೆ ನಿಧಾನವಾಗುತ್ತಿತ್ತೇ ಹೊರತು ತಪ್ಪುತ್ತಿರಲಿಲ್ಲ.

ಅದನ್ನೆಲ್ಲ ಬಿಚ್ಚಿ, ಪ್ರೊಸೆಸರಿಗೆಂದು ಮಾಡಿದ ಹಳೆಯ ಮುಚ್ಚಿದ ಕೂಲರ್ ಒಂದನ್ನು 60 ಡಾಲರಿಗೆ ಕೊಂಡೆವು. ಅಸೆಟೆಕ್ ಎಂಬ ಡೆನ್ಮಾರ್ಕಿನ ಕಂಪನಿ ತಯಾರಿಸಿ, 2009ರಲ್ಲಿ ಕಾರ್ಸೇರ್ ಹೆಸರಿನಲ್ಲಿ ಮಾರಾಟಕ್ಕೆ ಬಂದ ಎಚ್50ರಿಂದ ಈ ಮಾದರಿ ಮನೆಮಾತಾಯಿತು. ಇಂಥವುಗಳಲ್ಲೂ ಸಾಮಾನ್ಯವಾಗಿ ತಾಮ್ರ, ಅಲ್ಯೂಮಿನಿಯಂ ಎರಡೂ ಇರುತ್ತವೆ, ಆದರೆ ದ್ರವದಲ್ಲಿ ಸವೆತ ತಡೆಯುವ ರಾಸಾಯನಿಕ ಬೆರೆಸಿರುತ್ತಾರೆ. ಅದನ್ನು ಗ್ರಾಫಿಕ್ಸ್ ಚಿಪ್ಪಿಗೆ ಹಿಡಿಸಲು 2013ರಲ್ಲಿ ಎನ್‌ಝಡ್‌ಎಕ್ಸ್‌ಟಿ ಕಂಪನಿ ತಗಡಿನ ಪಟ್ಟಿಯನ್ನೇ ಮಾರಾಟಕ್ಕೆ ತಂದಿತ್ತು. ನಾವು ಮಾತ್ರ ಪಟ್ಟಿಯಿಲ್ಲದವರ ಹಾದಿ ಹಿಡಿದು ನಾಲ್ಕು ಪ್ಲಾಸ್ಟಿಕ್ ಕೇಬಲ್ ಟೈಗಳಲ್ಲಿ ಬಿಗಿದೆವು. ಮೊದಲ ಸಲ ಒಂದು ಮೂಲೆ ಸಡಿಲಾಗಿ ಬಿಸಿ ನಿಮಿಷದಲ್ಲೇ 95ಕ್ಕೆ ಹೋಯಿತು. ಆರಿಸಿ, ಪೇಸ್ಟ್ ಒರೆಸಿ, ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದ ಮೇಲೆ 62ರಲ್ಲಿ ನಿಂತಿತು. ನೀರು ಮುಟ್ಟದ ಮೆಮೊರಿ ಮತ್ತು ವಿದ್ಯುತ್ ಚಿಪ್‌ಗಳಿಗೆ ಬೇರೆ ಫ್ಯಾನ್ ಇಡಬೇಕು. ಇದನ್ನು ಮರೆತು ಕಾರ್ಡ್ ಕಳೆದುಕೊಂಡವರಿದ್ದಾರೆ.

ಮಕ್ಕಳು ಊರಿನಿಂದ ಫೋನಿನಲ್ಲಿ ಇಂಥದ್ದಕ್ಕೆ ದುಡ್ಡು ಕೇಳಿದರೆ, ಮೊದಲು ಅವರ ಕೋಣೆಯಲ್ಲಿ ಗಾಳಿಯಾಡುತ್ತದೆಯೇ ಎಂದು ವಿಚಾರಿಸಿ. 40 ಡಿಗ್ರಿಯ ಕೋಣೆಯಲ್ಲಿ ರೇಡಿಯೇಟರಿಗೂ 40 ಡಿಗ್ರಿಯ ಗಾಳಿಯೇ ಗತಿ. ಕ್ರಾನ್‌ಬರ್ನ್‌ನಲ್ಲಿ ನಾವು ಕೊನೆಗೆ ಮಾಡಿದ ಕೆಲಸವೂ ಅದೇ, ಮೇಜನ್ನು ಎಳೆದು ಕಿಟಕಿಯ ಪಕ್ಕಕ್ಕೆ ಹಾಕಿದೆವು. ರಾತ್ರಿ ಪಾಳಿ ಮುಗಿಸಿ ಬಂದ ಅಣ್ಣ ಬಾಗಿಲಲ್ಲೇ ನಿಂತು, "ಏನು, ಕರೆಂಟ್ ಹೋಗಿದೆಯಾ?" ಎಂದು ಕೇಳಿದರು.