ಕಾಮಿಕ್ ಪುಸ್ತಕ ಸ್ವಂತಕ್ಕೆ ತರ್ತೀರಾ? ಪ್ರೆಸ್‌ಗೆ ಹೋಗುವ ಮೊದಲು ಇಷ್ಟು ಗೊತ್ತಿರಲಿ

ಉಡುಪಿ: ನಮ್ಮ ಜಿಲ್ಲೆಯಲ್ಲಿ ಚಿತ್ರ ಬಿಡಿಸುವವರಿಗೆ ಬರ ಇಲ್ಲ. ಕುಂದಾಪುರದಲ್ಲಿ ಕಾರ್ಟೂನು ಹಬ್ಬವೇ ನಡೆಯುತ್ತದೆ. ಮುಂಬಯಿಯ ಮಿಡ್-ಡೇ ಪತ್ರಿಕೆಯಲ್ಲಿ ಸ್ಟಾಫ್ ಕಾರ್ಟೂನಿಸ್ಟ್ ಆಗಿದ್ದ ಸತೀಶ್ ಆಚಾರ್ಯ ಈಗ ಊರಲ್ಲೇ ಕೂತು, ಯಾವ ಪತ್ರಿಕೆಯ ನೌಕರಿಯೂ ಇಲ್ಲದೆ ದೇಶಕ್ಕೆಲ್ಲ ಕಾರ್ಟೂನ್ ಬರೀತಾರೆ. ಅವರನ್ನು ನೋಡಿ ಪೆನ್ನು ಹಿಡಿದ ಹುಡುಗ ಹುಡುಗಿಯರು ಬೈಂದೂರಿಂದ ಕಾಪುವರೆಗೂ ಇದ್ದಾರೆ. ಆದರೆ ಒಂದು ಕಾರ್ಟೂನ್ ಬಿಡಿಸಿ ಮೊಬೈಲಲ್ಲಿ ಹಾಕುವುದು ಬೇರೆ, 48 ಪುಟದ ಕಾಮಿಕ್ ಕತೆ ಬರೆದು ಅಚ್ಚು ಹಾಕಿಸಿ ಮಾರುವುದು ಬೇರೆ. ಎರಡನೆಯದಕ್ಕೆ ದುಡ್ಡು ಬೇಕು, ಅದು ಹೆಚ್ಚಾಗಿ ಮನೆಯವರ ದುಡ್ಡು. ಪುಸ್ತಕ ಮಾರಾಟ ಆಗದೆ ಇದ್ದರೆ ಮಂಚದಡಿಯ ಕಟ್ಟುಗಳನ್ನು ಪ್ರತಿದಿನ ನೋಡುವವರೂ ಮನೆಯವರೇ. ಹಾಗಾಗಿ ಈ ಮಾಹಿತಿ.

ಹಿಂದೆ ಹೀಗೆ ಮಾಡಿದವರು

ಸ್ವಂತಕ್ಕೆ ಪುಸ್ತಕ ತರುವುದು ಕರಾವಳಿಗೆ ಹೊಸತಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಪ್ರೆಸ್ ಇಟ್ಟುಕೊಂಡು ತಮ್ಮ ಪುಸ್ತಕ ತಾವೇ ಅಚ್ಚು ಹಾಕಿದವರು. ಕಾರ್ಟೂನಿಸ್ಟ್ ಪ್ರಕಾಶ್ ಶೆಟ್ಟಿ 'ವಾರೆ ಕೋರೆ' ಎಂಬ ನಗೆ ಪತ್ರಿಕೆಯನ್ನೇ ನಡೆಸಿದರು. ಇನ್ನೂ ಹಿಂದೆ ಹೋದರೆ, 1942ರಲ್ಲಿ ರಾಶಿ (ಡಾ. ಎಂ. ಶಿವರಾಂ) ಶುರು ಮಾಡಿದ 'ಕೊರವಂಜಿ' ಉಂಟು. ಆರ್.ಕೆ. ಲಕ್ಷ್ಮಣ್ ತಮ್ಮ ಆರಂಭದ ದಿನಗಳಲ್ಲಿ ಚಿತ್ರ ಬರೆದದ್ದು ಅದರಲ್ಲೇ.

ಭಾರತದಲ್ಲಿ ಕಾಮಿಕ್ ವಿಷಯಕ್ಕೆ ಬಂದರೆ ಎಲ್ಲರೂ ಹೆಸರು ಹೇಳುವುದು ಓರಿಜಿತ್ ಸೇನ್ ಅವರ 'ರಿವರ್ ಆಫ್ ಸ್ಟೋರೀಸ್'. ನರ್ಮದಾ ಅಣೆಕಟ್ಟಿನ ವಿಷಯದ ಈ ಪುಸ್ತಕ 1994ರಲ್ಲಿ ಬಂತು. ಹೊರತಂದದ್ದು ದೊಡ್ಡ ಪ್ರಕಾಶಕರಲ್ಲ, ಕಲ್ಪವೃಕ್ಷ ಎಂಬ ಪರಿಸರ ಸಂಘಟನೆ. ಪ್ರತಿಗಳು ಖಾಲಿಯಾಗಿ ವರ್ಷಗಟ್ಟಲೆ ಎಲ್ಲೂ ಸಿಗುತ್ತಿರಲಿಲ್ಲ. ಮತ್ತೆ ಅಚ್ಚಾಗಿ ಅಂಗಡಿಗೆ ಬಂದದ್ದು 2022ರಲ್ಲಿ, ಚೆನ್ನೈನ ಬ್ಲಾಫ್ಟ್ ಪ್ರಕಾಶನದಿಂದ.

ಆದರೆ ಲೆಕ್ಕಾಚಾರ ಕಲಿಯಬೇಕಾದರೆ ಅಮೆರಿಕದ ಜೆಫ್ ಸ್ಮಿತ್ ಅವರನ್ನು ನೋಡಬೇಕು. ಒಹಾಯೋದ ಇವರು ಕಾಲೇಜು ದಿನಗಳಲ್ಲಿ ವಿದ್ಯಾರ್ಥಿಗಳ ಪತ್ರಿಕೆಗೆ ಸ್ಟ್ರಿಪ್ ಬರೀತಿದ್ದರು. ಆಮೇಲೆ ಗೆಳೆಯರ ಜತೆ ಅನಿಮೇಶನ್ ಸ್ಟುಡಿಯೊ ಮಾಡಿದರು. 1991ರಲ್ಲಿ ಕಾರ್ಟೂನ್ ಬುಕ್ಸ್ ಎಂಬ ಸ್ವಂತ ಪ್ರಕಾಶನ ತೆರೆದು 'ಬೋನ್' ಎಂಬ ಕಪ್ಪು ಬಿಳುಪು ಕಾಮಿಕ್ ಶುರು ಮಾಡಿದರು. ಬರೆಯುವುದು, ಬಿಡಿಸುವುದು, ಪ್ಯಾಕ್ ಮಾಡುವುದು ಎಲ್ಲ ಒಬ್ಬರೇ ಮಾಡಲು ಹೋಗಿ ಸುಸ್ತಾದಾಗ, ಹೆಂಡತಿ ವಿಜಯಾ ಅಯ್ಯರ್ ತಮ್ಮ ಕಂಪನಿ ಕೆಲಸ ಬಿಟ್ಟು ವ್ಯವಹಾರ ಕೈಗೆ ತೆಗೆದುಕೊಂಡರು. ಪುಸ್ತಕ ನಿಂತದ್ದೇ ಅಲ್ಲಿಂದ ಎನ್ನಬಹುದು. 2004ರವರೆಗೆ ಒಟ್ಟು 55 ಸಂಚಿಕೆ ಬಂತು, ಕೊನೆಗೆ ಎಲ್ಲವೂ ಸೇರಿ 1300 ಪುಟ ದಾಟಿದ ಒಂದೇ ಸಂಪುಟ. 2005ರಿಂದ ಸ್ಕೊಲಾಸ್ಟಿಕ್ ಕಂಪನಿ ಅದನ್ನು ಬಣ್ಣದಲ್ಲಿ ತಂದಿತು, ಮಕ್ಕಳು ಮುಗಿಬಿದ್ದರು.

ಇವರು ಮಾಡಿದ ಜಾಣತನ ಏನೆಂದರೆ, ಸಂಚಿಕೆಗಳನ್ನು ಆರೇಳರಂತೆ ಸೇರಿಸಿ ಪುಸ್ತಕ ಮಾಡಿ, ಆ ಪುಸ್ತಕ ಯಾವತ್ತೂ ಖಾಲಿಯಾಗದಂತೆ ನೋಡಿಕೊಂಡರು. ಹತ್ತನೇ ಸಂಚಿಕೆ ಕೈಗೆ ಸಿಕ್ಕವನು ಮೊದಲನೆಯದು ಎಲ್ಲಿ ಅಂತ ಕೇಳಿಯೇ ಕೇಳ್ತಾನೆ. ಸಿಗದಿದ್ದರೆ ಹತ್ತನೆಯದನ್ನೂ ಅಲ್ಲೇ ಇಟ್ಟು ಹೋಗ್ತಾನೆ. ನಮ್ಮಲ್ಲಿ 'ಭಾಗ 1' ಅಂತ ಹಾಕಿ ಒಂದೇ ಪುಸ್ತಕಕ್ಕೆ ನಿಂತುಹೋಗುವವರೇ ಜಾಸ್ತಿ. ಮೊದಲ ಪುಸ್ತಕದಲ್ಲೇ ಕತೆ ಮುಗಿಯಲಿ, ಅದೇ ಒಳ್ಳೆಯದು.

ಹಕ್ಕು ಯಾರದ್ದು?

1938ರಲ್ಲಿ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು ಸೂಪರ್‌ಮ್ಯಾನ್ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಆಮೇಲೆ ಜೀವಮಾನವಿಡೀ ಕೋರ್ಟು ಅಲೆದರು. ಕಾಮಿಕ್ ಲೋಕದಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ, ಆದರೂ ಓದದೆ ಸಹಿ ಹಾಕುವುದು ನಿಂತಿಲ್ಲ.

ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಚಿತ್ರ ಬಿಡಿಸಿದ ಕ್ಷಣವೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. ನಿಮ್ಮ ಕಾಲದ ನಂತರವೂ 60 ವರ್ಷ ಅದು ಇರ್ತದೆ. ಹಕ್ಕು ವರ್ಗಾಯಿಸುವುದಾದರೆ ಬರಹದಲ್ಲೇ ಇರಬೇಕು, ಬಾಯಿಮಾತು ನಡೆಯುವುದಿಲ್ಲ. ಕರಾರಿನಲ್ಲಿ ಎಷ್ಟು ವರ್ಷಕ್ಕೆ ಅಂತ ಹೇಳದಿದ್ದರೆ 5 ವರ್ಷ ಅಂತಲೇ ಲೆಕ್ಕ, ಎಲ್ಲಿಗೆ ಅಂತ ಹೇಳದಿದ್ದರೆ ಭಾರತಕ್ಕೆ ಮಾತ್ರ. ಇದು ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ಉಂಟು. ಹಾಗಾಗಿಯೇ ಬುದ್ಧಿವಂತ ಕಂಪನಿಗಳು 'ಶಾಶ್ವತವಾಗಿ, ಜಗತ್ತಿನಾದ್ಯಂತ, ಎಲ್ಲ ಮಾಧ್ಯಮಗಳಿಗೆ' ಅಂತ ಬರೆಸಿಕೊಳ್ತಾರೆ. ಆ ಸಾಲು ಕಂಡರೆ ಪೆನ್ನು ಕೆಳಗಿಡಿ.

ಪತ್ರಿಕೆಯ ನೌಕರಿಯಲ್ಲಿದ್ದಾಗ ಬರೆದ ಕಾರ್ಟೂನ್ ಆದರೆ, ಪತ್ರಿಕೆಯಲ್ಲಿ ಪ್ರಕಟಿಸುವ ಮಟ್ಟಿಗೆ ಹಕ್ಕು ಮಾಲೀಕರದ್ದು, ಉಳಿದದ್ದು ಕಲಾವಿದರದ್ದು. ಬೇರೆ ಕರಾರು ಇದ್ದರೆ ಮಾತ್ರ ಕತೆ ಬೇರೆ. ಸಂಕಲನ ತರುವ ಮೊದಲು ಹಳೆ ನೇಮಕಾತಿ ಪತ್ರ ಹುಡುಕಿ ಓದಿ.

ಇನ್ನೊಂದು ಜಾತಿ ಉಂಟು, ಪ್ಯಾಕೇಜ್ ಪ್ರಕಾಶಕರು. 'ನಿಮ್ಮ ಪುಸ್ತಕ ನಾವು ತರ್ತೇವೆ' ಅಂತ ಹೇಳಿ ನಿಮ್ಮಿಂದಲೇ ದುಡ್ಡು ತಗೊಂಡು, ನಿಮಗೇ ನಾಲ್ಕು ಪ್ರತಿ ಕೊಟ್ಟು, ಉಳಿದದ್ದು ಆನ್‌ಲೈನಲ್ಲಿ ಉಂಟು ಅನ್ನುವವರು. ಅವರು ಮಾಡಿಕೊಡುವ ಹೆಚ್ಚಿನ ಕೆಲಸ ಪುಕ್ಕಟೆ ಸಿಗುವಂಥದ್ದೇ. ಐಎಸ್‌ಬಿಎನ್ ನಂಬರನ್ನೇ ನೋಡಿ, ಅದನ್ನು ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ. ಆನ್‌ಲೈನ್ ಅರ್ಜಿ, ಶುಲ್ಕ ಇಲ್ಲ, ಲೇಖಕರೇ ಪ್ರಕಾಶಕರಾಗಿಯೂ ಹಾಕಬಹುದು. ಇದಕ್ಕೆ ಸಾವಿರಗಟ್ಟಲೆ ಕೇಳಿದವರಿಂದ ದೂರ ಇರಿ. ಅಷ್ಟೇ ಅಲ್ಲ, ಅವರ ಹೆಸರಲ್ಲಿ ನಂಬರು ತೆಗೆದರೆ ದಾಖಲೆಯಲ್ಲಿ ಪ್ರಕಾಶಕರು ಅವರೇ ಆಗ್ತಾರೆ.

ಕನ್ನಡದಲ್ಲಿ ಅಕ್ಷರದ ತಾಪತ್ರಯ

ಕಾಮಿಕ್ ಹೇಗೆ ಮಾಡಬೇಕು ಅಂತ ಹೇಳುವ ಪುಸ್ತಕ, ವಿಡಿಯೊ ಎಲ್ಲ ಇಂಗ್ಲಿಷಿನವು. ಅವರದ್ದು ದೊಡ್ಡ ಅಕ್ಷರದ ಬರಹ, ಎಲ್ಲ ಸಾಲೂ ಒಂದೇ ಎತ್ತರ. ನಮ್ಮದಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. 'ರಾಷ್ಟ್ರ', 'ಸ್ತ್ರೀ' ಬಂದಲ್ಲಿ ಕೆಳಗಿನ ಸಾಲಿನ ತಲೆಗೆ ಒತ್ತಕ್ಷರ ತಾಗ್ತದೆ. ಸಾಲಿನ ನಡುವೆ ಜಾಗ ಜಾಸ್ತಿ ಬಿಡಬೇಕು, ಬಿಟ್ಟರೆ ಮಾತಿನ ಬಲೂನು ದೊಡ್ಡದಾಗ್ತದೆ, ದೊಡ್ಡದಾದರೆ ಚಿತ್ರ ಮುಚ್ಚಿಹೋಗ್ತದೆ. ಮೇಲಿಂದ ನಮ್ಮ ಶಬ್ದಗಳೂ ಉದ್ದ. 'ಹೋಗಬೇಕಾಗಿರಲಿಲ್ಲವೇನೋ' ಅಂತ ಒಂದೇ ಶಬ್ದ ಬಂದರೆ ಬಲೂನಲ್ಲಿ ಅದನ್ನು ಎಲ್ಲಿ ಮುರಿಯುವುದು?

ಇದಕ್ಕೆ ಉಪಾಯ ಎರಡು. ಒಂದು, ಬಲೂನನ್ನು ಮೊದಲು ಬರೆದು ಚಿತ್ರವನ್ನು ಆಮೇಲೆ ಕೂರಿಸುವುದು. ಎರಡು, ಆಡುಮಾತು ಬಳಸುವುದು. ಪುಸ್ತಕದ ಕನ್ನಡಕ್ಕಿಂತ ಕುಂದಗನ್ನಡ ಗಿಡ್ಡ, 'ಹ್ವಾಯ್' ಅಂದರೆ ಮುಗೀತು. ನಮ್ಮ ಭಾಷೆ ಕಾಮಿಕ್‌ಗೆ ಹೇಳಿ ಮಾಡಿಸಿದ್ದು ಅಂತ ನನ್ನ ಅಭಿಪ್ರಾಯ, ಬೇರೆ ಜಿಲ್ಲೆಯವರು ಬೇಜಾರು ಮಾಡ್ಕೊಬೇಡಿ.

ಕೈಬರಹ ಚೆಂದ ಇದ್ದರೆ ಕೈಯಲ್ಲೇ ಬರೆಯಿರಿ, ಅದಕ್ಕಿಂತ ಚೆಂದ ಇಲ್ಲ. ಇಲ್ಲದಿದ್ದರೆ ಬಲೂ ತಮ್ಮ, ಅಕಾಯ ಕನ್ನಡಕದಂಥ ಯುನಿಕೋಡ್ ಫಾಂಟ್‌ಗಳು ಪುಕ್ಕಟೆ ಸಿಗುತ್ತವೆ, ಮುಕ್ತ ಪರವಾನಗಿಯವು, ಮಾರುವ ಪುಸ್ತಕಕ್ಕೂ ಬಳಸಬಹುದು. ಫೋಟೋಶಾಪಲ್ಲಿ ಕನ್ನಡ ಒಡೆದು ಬಂದರೆ ಫಾಂಟ್ ಹಾಳಾಗಿದೆ ಅಂತಲ್ಲ. ಟೈಪ್ ಸೆಟ್ಟಿಂಗಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಆನ್ ಮಾಡಬೇಕು. ಪ್ರೆಸ್‌ಗೆ ಕೊಡುವಾಗ ಅಕ್ಷರಗಳನ್ನು ಔಟ್‌ಲೈನ್ ಮಾಡಿದ ಪಿಡಿಎಫ್ ಕೊಡಿ, ಇಲ್ಲವಾದರೆ ಅವರ ಕಂಪ್ಯೂಟರಲ್ಲಿ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ.

ಪ್ರೆಸ್‌ನಲ್ಲಿ

ಪುಟದ ಲೆಕ್ಕ ಫಾರಂ ಮೇಲೆ ನಡೆಯುತ್ತದೆ, ಹೆಚ್ಚಾಗಿ 16 ಪುಟಕ್ಕೆ ಒಂದು ಫಾರಂ. 32, 48, 64 ಪುಟ ಆದರೆ ಕಾಗದ ಹಾಳಾಗುವುದಿಲ್ಲ. 50 ಪುಟ ಅಂದರೆ ಎರಡು ಪುಟಕ್ಕಾಗಿ ಹೆಚ್ಚಿನ ಖರ್ಚು. ಸೆಂಟರ್ ಪಿನ್ ಹೊಡೆಯುವುದಾದರೆ 4ರಿಂದ ಭಾಗ ಹೋಗಲೇಬೇಕು. ಗೆರೆಯ ಚಿತ್ರ 600 ಡಿಪಿಐ, ಬಣ್ಣದ್ದು 300 ಡಿಪಿಐ ಇರಲಿ. ಬಣ್ಣದ ಫೈಲು ಸಿಎಂವೈಕೆಯಲ್ಲಿ ಇಲ್ಲದಿದ್ದರೆ ಮೊಬೈಲಲ್ಲಿ ಹೊಳೆಯುವ ನೀಲಿ ಕಾಗದದ ಮೇಲೆ ಮಂಕಾಗ್ತದೆ. ಸುತ್ತ 3 ಮಿ.ಮೀ. ಹೆಚ್ಚಿಗೆ ಚಿತ್ರ ಬಿಡಿ, ಕಟಿಂಗಲ್ಲಿ ಹೋಗ್ತದೆ.

ಆಫ್‌ಸೆಟ್‌ನಲ್ಲಿ ಪ್ಲೇಟ್ ಖರ್ಚು ಒಂದೇ ಸಲ, ಪ್ರತಿ ಹೆಚ್ಚಾದಷ್ಟೂ ಒಂದರ ಬೆಲೆ ಇಳಿಯುತ್ತದೆ. ಡಿಜಿಟಲ್‌ನಲ್ಲಿ 50 ಪ್ರತಿಯೂ ಮಾಡಿಸಬಹುದು, ಆದರೆ ಒಂದೊಂದರ ರೇಟು ಹೆಚ್ಚು. ಇಲ್ಲಿಯೇ ಹುಡುಗರು ಎಡವುವುದು. 'ಸಾವಿರ ಹಾಕಿಸಿದರೆ ರೇಟು ಕಮ್ಮಿ' ಅಂತ ಸಾವಿರ ಹಾಕಿಸ್ತಾರೆ. ರೇಟು ಕಮ್ಮಿ ಹೌದು, ಬಿಲ್ಲು ದೊಡ್ಡದಲ್ವಾ?

ಲೆಕ್ಕ ಹೀಗೆ ಹಾಕಿ. ಪುಸ್ತಕದ ಬೆಲೆ 150 ರೂ., ಅಚ್ಚಿನ ಖರ್ಚು ಒಂದಕ್ಕೆ 60 ರೂ., ಪ್ರತಿ 500 ಅಂದುಕೊಳ್ಳಿ. ಕೈಯಿಂದ ಹೋಗುವುದು 30,000 ರೂ. ಅಂಗಡಿಯವರಿಗೆ ಶೇ. 40 ಕಮಿಷನ್ ಕೊಟ್ಟರೆ ನಿಮಗೆ ಉಳಿಯುವುದು 90 ರೂ. ಹಾಕಿದ ದುಡ್ಡು ಬರಲು 334 ಪುಸ್ತಕ ಹೋಗಬೇಕು. ನೀವೇ ನೇರ ಮಾರಿದರೆ 200 ಸಾಕು. ಇದರಲ್ಲಿ ನಿಮ್ಮ ಆರು ತಿಂಗಳ ಕೂಲಿ ಸೇರಿಲ್ಲ, ನೆಂಟರಿಗೆ ಪುಕ್ಕಟೆ ಕೊಟ್ಟ ಪ್ರತಿಗಳೂ ಸೇರಿಲ್ಲ. ಅಚ್ಚಾದ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಆದರೆ ಪ್ರೆಸ್‌ನವರ ಬಿಲ್ಲಿಗೆ ಬೀಳ್ತದೆ, ಕೊಟೇಶನ್ ಕೇಳುವಾಗಲೇ ಸೇರಿಸಿಯೋ ಬಿಟ್ಟೋ ಅಂತ ಕೇಳಿ.

ಹಾಗಾಗಿ ಮೊದಲು ಬುಕಿಂಗ್, ಆಮೇಲೆ ಅಚ್ಚು. ಹತ್ತು ಪುಟ ಆನ್‌ಲೈನಲ್ಲಿ ಹಾಕಿ, ಯುಪಿಐ ನಂಬರು ಕೊಟ್ಟು, ಮುಂಗಡ ಕೊಟ್ಟವರ ಹೆಸರು ಕೊನೆ ಪುಟದಲ್ಲಿ ಹಾಕ್ತೇನೆ ಅನ್ನಿ. 120 ಜನ ಬುಕ್ ಮಾಡಿದರೆ 200 ಹಾಕಿಸಿ. ಯಾರೂ ಮಾಡದಿದ್ದರೆ ದುಡ್ಡು ಉಳೀತಲ್ಲ.

ಪುಸ್ತಕ ಬಂದ ಮೇಲೆ

1954ರ ಕಾಯ್ದೆಯೊಂದು ಉಂಟು. ಪ್ರಕಟವಾದ ಪ್ರತಿ ಪುಸ್ತಕವನ್ನೂ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಜತೆಗೆ ಚೆನ್ನೈ, ಮುಂಬಯಿ, ದಿಲ್ಲಿಯ ಗ್ರಂಥಾಲಯಗಳಿಗೆ ಒಂದೊಂದರಂತೆ ಪ್ರಕಾಶಕರು ಸ್ವಂತ ಖರ್ಚಲ್ಲಿ ಕಳಿಸಬೇಕು. ತಪ್ಪಿದರೆ 50 ರೂಪಾಯಿವರೆಗೆ ದಂಡ, ಜತೆಗೆ ಪುಸ್ತಕದ ಬೆಲೆ. ದಂಡಕ್ಕೆ ಹೆದರಿ ಯಾರೂ ಕಳಿಸಲಿಕ್ಕಿಲ್ಲ. ಆದರೆ ನೂರು ವರ್ಷದ ನಂತರ ನಿಮ್ಮ ಪುಸ್ತಕ ಎಲ್ಲಾದರೂ ಉಳಿದಿದ್ದರೆ ಅದು ಅಲ್ಲೇ, ಹಾಗಾಗಿ ಕಳಿಸಿ.

ರಾಜ್ಯದ ಗ್ರಂಥಾಲಯ ಇಲಾಖೆಯ ಖರೀದಿಗೆ ಅರ್ಜಿ ಹಾಕಬಹುದು. ಆದರೆ ಪುಟದ ಲೆಕ್ಕದಲ್ಲಿ ಬೆಲೆ ನೋಡುವ ಪದ್ಧತಿ ಇರುವುದರಿಂದ ಪುಟ ಕಮ್ಮಿ, ಕೆಲಸ ಜಾಸ್ತಿ ಇರುವ ಕಾಮಿಕ್‌ಗೆ ಅದು ಹೊಂದುವುದಿಲ್ಲ. ಅದನ್ನೇ ನಂಬಿ ಸಾಲ ಮಾಡಬೇಡಿ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆ ಉಂಟು. ಕಾಮಿಕ್ ತಗೊಳ್ತಾರಾ ಅಂತ ಪ್ರಕಟಣೆ ಬಂದಾಗ ಫೋನ್ ಮಾಡಿ ಕೇಳಿ.

ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ (2012ರಿಂದ ನಡೆಯುತ್ತಿದೆ) ಕಲಾವಿದರಿಗೆ ಟೇಬಲ್ ಬಾಡಿಗೆಗೆ ಸಿಗುತ್ತದೆ. ಬಾಡಿಗೆ, ಬಸ್ಸು, ರೂಮು ಸೇರಿಸಿ ನೋಡಿ ಹೋಗಿ. ಇಂಡೀ ಕಾಮಿಕ್ಸ್ ಫೆಸ್ಟ್ ಇರುವುದು ನಮ್ಮಂಥ ಸಣ್ಣವರಿಗೇ. ಎಂ.ಜಿ. ರಸ್ತೆ ಬಳಿಯ ಭಾರತೀಯ ಕಾರ್ಟೂನಿಸ್ಟರ ಸಂಸ್ಥೆಯ ಗ್ಯಾಲರಿಯಲ್ಲಿ ಪ್ರದರ್ಶನಗಳು ನಡೆಯುತ್ತವೆ, ಹೋದರೆ ಪರಿಚಯ ಆಗ್ತದೆ. ಆದರೆ ನಮ್ಮ ಊರಿನ ಪುಸ್ತಕಕ್ಕೆ ನಮ್ಮ ಊರಿನ ಜಾಗಗಳೇ ಒಳ್ಳೆಯದು ಅನಿಸ್ತದೆ. ಶಾಲಾ ವಾರ್ಷಿಕೋತ್ಸವ, ಜಾತ್ರೆ, ಆಟದ ಗದ್ದೆ. ರಾತ್ರಿಯಿಡೀ ಯಕ್ಷಗಾನ ನೋಡುವ ಜನ ಚರುಮುರಿಗೆ ಎದ್ದು ಬರುವಾಗ ಯಕ್ಷಗಾನದ್ದೇ ಕಾಮಿಕ್ ಕಂಡರೆ ತಿರುಗಿಸಿ ನೋಡದೆ ಇರ್ತಾರಾ? ಮೇಳದವರಲ್ಲಿ, ಸಂಘಟಕರಲ್ಲಿ ಮೊದಲೇ ಕೇಳಿಕೊಳ್ಳಬೇಕು ಅಷ್ಟೇ.

ಬಿಡುಗಡೆ ಸಮಾರಂಭದ ಬಗ್ಗೆ ಒಂದು ಮಾತು. ಹಾಲ್, ಶಾಲು, ಸ್ಮರಣಿಕೆ, ಊಟ ಅಂತ ಖರ್ಚು ಮಾಡಿ, ಬಂದ ಅತಿಥಿಗಳಿಗೆಲ್ಲ ಗೌರವ ಪ್ರತಿ ಕೊಟ್ಟು, ಕೊನೆಗೆ ಮಾರಾಟ ಆದದ್ದು ಹನ್ನೊಂದು ಅನ್ನುವ ಸಮಾರಂಭಗಳ ವರದಿ ನಾವು ಬೇಕಾದಷ್ಟು ಮಾಡಿದ್ದೇವೆ. ಅದೇ ದುಡ್ಡಲ್ಲಿ ಇಪ್ಪತ್ತು ಶಾಲೆಗೆ ಹೋಗಿ ಬೋರ್ಡಲ್ಲಿ ಚಿತ್ರ ಬಿಡಿಸಿ ತೋರಿಸಬಹುದು.

ನಮ್ಮಂಥ ವರದಿಗಾರರಿಗೆ ಕಳಿಸುವಾಗ, ಎಂಟು ಜನ ಸಾಲಾಗಿ ನಿಂತು ಪುಸ್ತಕ ಎದೆಗೆ ಹಿಡಿದ ಫೋಟೊ ಕಳಿಸಬೇಡಿ. ಆ ಫೋಟೊದಲ್ಲಿ ಪುಸ್ತಕ ಬಿಟ್ಟು ಎಲ್ಲ ಕಾಣ್ತದೆ. ಒಳಗಿನ ಎರಡು ಒಳ್ಳೆ ಪುಟ, ಮುಖಪುಟ, ಬೆಲೆ, ಎಷ್ಟು ಪುಟ, ಎಲ್ಲಿ ಸಿಗುತ್ತದೆ, ನಂಬರು, ಇಷ್ಟು ಒಂದೇ ಮೆಸೇಜಲ್ಲಿ ಕಳಿಸಿ. ಓದುಗ ಪುಟ ನೋಡಿ ದುಡ್ಡು ಕಳಿಸ್ತಾನೆ, ಶಾಲು ನೋಡಿ ಅಲ್ಲ.

ಇನ್ನು ಅಂಚೆ. 2025ರ ಮೇ 1ರಿಂದ ಅಂಚೆ ಇಲಾಖೆ ಪುಸ್ತಕಗಳಿಗೆ 'ಜ್ಞಾನ ಪೋಸ್ಟ್' ಶುರು ಮಾಡಿದೆ. 300 ಗ್ರಾಂವರೆಗೆ 20 ರೂ., 5 ಕೆ.ಜಿ.ಗೆ 100 ರೂ., ತೆರಿಗೆ ಬೇರೆ, ಟ್ರ್ಯಾಕಿಂಗ್ ಉಂಟು. ಡೆಮಿ ಗಾತ್ರದ 48 ಪುಟದ ಪುಸ್ತಕ 100 ಜಿಎಸ್‌ಎಂ ಕಾಗದದಲ್ಲಿ ಸುಮಾರು 100 ಗ್ರಾಂ ತೂಗುತ್ತದೆ, ಹಿಂದೆ ಮುಂದೆ ರಟ್ಟು ಇಟ್ಟರೂ 300 ದಾಟುವುದಿಲ್ಲ. ಜಾಹೀರಾತು, ವ್ಯಾಪಾರದ ಕಾಗದಗಳಿಗೆ ಈ ದರ ಇಲ್ಲ, ಹಾಗಾಗಿ ಪುಸ್ತಕದಲ್ಲಿ ಪ್ರಕಾಶಕರ, ಮುದ್ರಕರ ಹೆಸರು ಸರಿಯಾಗಿ ಅಚ್ಚಾಗಿರಲಿ, ಒಂದು ಪ್ರತಿ ಮೊದಲು ಕೌಂಟರಲ್ಲಿ ತೋರಿಸಿ ಕೇಳಿ. ಮಳೆಗಾಲದಲ್ಲಿ ಕಳಿಸುವುದಾದರೆ ಪ್ಲಾಸ್ಟಿಕ್ ಕವರು ಒಳಗೆ, ರಟ್ಟು ಹೊರಗೆ. ನಮ್ಮ ಜೂನ್ ತಿಂಗಳ ಮಳೆಗೆ ಬರೇ ಕಾಗದದ ಕವರು ಕುಂದಾಪುರದಿಂದ ಹೆಮ್ಮಾಡಿ ಸಹ ತಲುಪಲಿಕ್ಕಿಲ್ಲ.